ಹಿಸುಕುವ ಆಟಿಕೆಗೆ ಬದಲಿ

ಹಿಸುಕಿದರೆ ಕುಗ್ಗಿ, ಬಿಟ್ಟರೆ ಮೆಲ್ಲಗೆ ಉಬ್ಬಿಕೊಳ್ಳುವ ಮೆತ್ತನೆಯ ಆಟಿಕೆಗೆ ಆಯಸ್ಸು ಕಡಿಮೆ. ದಿನಕ್ಕೆ ನೂರಾರು ಸಲ ಅಮುಕಿಸಿಕೊಳ್ಳುವ ಅದರ ಮೈ ಬಿರುಕು ಬಿಡುತ್ತದೆ, ಇಲ್ಲವೇ ಅಂಟಂಟಾಗಿ ಧೂಳು ಹಿಡಿಯುತ್ತದೆ, ಇಲ್ಲವೇ ಒಳಗಿನ ದ್ರವ ಸೋರಿ ಸಪ್ಪಗಾಗುತ್ತದೆ. ಆ ಹೊತ್ತಿಗೆ ಅಂಗಡಿಯಲ್ಲಿ ಅದೇ ಮಾಲು ಇರುವುದಿಲ್ಲ. ಇಂಥ ಅಗ್ಗದ ಆಟಿಕೆಗಳ ಅಚ್ಚು ಬೇಗ ಬೇಗ ಬದಲಾಗುತ್ತದೆ. ಅಚ್ಚು ಅದೇ ಇದ್ದರೂ ಒಳಗೆ ಸುರಿಯುವ ಮಿಶ್ರಣ ಒಂದು ಕಂತಿನಿಂದ ಇನ್ನೊಂದಕ್ಕೆ ಬೇರೆಯಾಗಿರಬಹುದು. ಓದುವಾಗ, ಫೋನಿನಲ್ಲಿ ಮಾತಾಡುವಾಗ, ಬಸ್ಸಿಗೆ ಕಾಯುವಾಗ ಕೈಗೆ ಒಂದು ಕೆಲಸ ಬೇಕೆನ್ನುವವರಿಗೆ ಆಗ ಬದಲಿ ಹುಡುಕುವ ತಾಪತ್ರಯ ಶುರುವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂಥ ಊರಿನಲ್ಲಿ ಈ ತಾಪತ್ರಯ ಇನ್ನೂ ಹೆಚ್ಚು. ಮ್ಯಾಸಬೇಡರ ಕಟ್ಟೆಮನೆಗೆ ಹೆಸರಾದ ಈ ಹಳ್ಳಿಗೆ ಆಟಿಕೆ ಬರಬೇಕಾದರೆ ಒಂದೋ ಚಳ್ಳಕೆರೆ ಪೇಟೆಯಿಂದ ಬರಬೇಕು, ಇಲ್ಲವೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆಗಳಲ್ಲಿ ಸಾಲುಗಟ್ಟುವ ಬಯಲಂಗಡಿಗಳಿಂದ ಬರಬೇಕು. ಜಾತ್ರೆಯಂಗಡಿ ತೇರಿನ ಹಿಂದೆಯೇ ಮುಂದಿನ ಊರಿಗೆ ಹೋಗುತ್ತದೆ. ಅಲ್ಲಿ ಕೊಂಡದ್ದು ಹರಿದರೆ ಮತ್ತೊಂದನ್ನು ಕೇಳಲು ಅಂಗಡಿಯವನೇ ಇರುವುದಿಲ್ಲ. ಆನ್‌ಲೈನಿನಲ್ಲಿ ತರಿಸಬಹುದು, ಆದರೆ ಅಲ್ಲಿ ಕಾಣುವುದು ಚಿತ್ರ ಮಾತ್ರ. ಮುಟ್ಟಿ ನೋಡಿ ಕೊಳ್ಳಬೇಕಾದ ವಸ್ತುವನ್ನು ಚಿತ್ರ ನೋಡಿ ಕೊಳ್ಳುವವರು ಸಾಮಾನ್ಯವಾಗಿ ಬಣ್ಣ ಮತ್ತು ಆಕಾರವನ್ನು ಹೊಂದಿಸಲು ಹೋಗುತ್ತಾರೆ. ಬೆಕ್ಕಿನ ಮುಖದ್ದು ಹೋಯಿತೇ, ಬೆಕ್ಕಿನ ಮುಖದ್ದನ್ನೇ ಹುಡುಕುತ್ತಾರೆ. ಆದರೆ ಈ ಆಟಿಕೆ ಕೆಲಸ ಮಾಡುವುದು ಮುಚ್ಚಿದ ಅಂಗೈಯೊಳಗೆ, ಹೆಚ್ಚಿನ ಸಲ ಮೇಜಿನ ಕೆಳಗೆ ಅಥವಾ ಜೇಬಿನಲ್ಲಿ. ಅಲ್ಲಿ ಬೆಕ್ಕಿನ ಮುಖಕ್ಕೆ ಕೆಲಸವಿಲ್ಲ. ಎಷ್ಟು ಬಲಕ್ಕೆ ಎಷ್ಟು ಕುಗ್ಗುತ್ತದೆ, ಎಷ್ಟು ಹೊತ್ತಿಗೆ ಮರಳುತ್ತದೆ, ಮೈ ಹೇಗಿದೆ, ತೂಕವೆಷ್ಟು ಎಂಬುವು ಹೊಂದಿದರೆ ಬದಲಿ ಹೊಂದುತ್ತದೆ. ಇವುಗಳಲ್ಲಿಯೂ ಯಾವುದು ಮುಖ್ಯ ಎಂಬುದು ಕೈಯಿಂದ ಕೈಗೆ ಬೇರೆ.

ಅಂಗೈಗೆ ತಿಳಿಯುವುದು

ಒಂದು ಕೈಯ ಅಂಗೈ ಮತ್ತು ಬೆರಳುಗಳ ರೋಮವಿಲ್ಲದ ಚರ್ಮಕ್ಕೆ ಸುಮಾರು 17,000 ಸ್ಪರ್ಶ ನರತಂತುಗಳು ಬಂದು ಸೇರುತ್ತವೆ ಎಂದು ಸ್ವೀಡನ್ನಿನ ರೋಲಾಂಡ್ ಯೋಹಾನ್ಸನ್ ಮತ್ತು ಓಕೆ ವಾಲ್‌ಬೋ 1979ರಲ್ಲಿ ಅಂದಾಜು ಮಾಡಿದರು. ಅವುಗಳ ತುದಿಯಲ್ಲಿ ನಾಲ್ಕು ಬಗೆಯ ಗ್ರಾಹಕಗಳಿವೆ. ಮೆರ್ಕೆಲ್ ಕೋಶಗಳು ಒತ್ತಡ ಇರುವಷ್ಟು ಹೊತ್ತೂ ಸುದ್ದಿ ಕಳಿಸುತ್ತಲೇ ಇರುತ್ತವೆ. ಅಂಚು, ಉಬ್ಬು, ತಗ್ಗುಗಳನ್ನು ಹೇಳುವುದು ಅವೇ. ಮೈಸ್ನರ್ ಕಣಗಳು ಒತ್ತಡ ಬದಲಾಗುವಾಗ ಮಾತ್ರ ಎಚ್ಚರಗೊಳ್ಳುತ್ತವೆ, ಜಾರಿಕೆಯನ್ನು ಗುರುತಿಸುತ್ತವೆ. ಆಳದಲ್ಲಿರುವ ಪ್ಯಾಸಿನಿ ಕಣಗಳಿಗೆ ಸೂಕ್ಷ್ಮ ಕಂಪನ ಗೊತ್ತಾಗುತ್ತದೆ. ರುಫಿನಿ ತುದಿಗಳು ಚರ್ಮದ ಎಳೆತಕ್ಕೆ ಸ್ಪಂದಿಸುತ್ತವೆ. ಒತ್ತಡ ವಿದ್ಯುತ್ ಸಂಕೇತವಾಗುವುದು ಪೀಜೋ-2 ಎಂಬ ಪ್ರೋಟೀನಿನ ಬಾಗಿಲು ತೆರೆದಾಗ. ಪೀಜೋ ಪ್ರೋಟೀನುಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಡೇವಿಡ್ ಜೂಲಿಯಸ್ ಅವರೊಂದಿಗೆ ಬಂದಿತು.

ಮೆತು ಎಂಬ ಗುಣ ಕೈಗೆ ತಿಳಿಯುವ ಬಗೆ ಸ್ವಲ್ಪ ವಿಚಿತ್ರ. ಎಷ್ಟು ಒತ್ತಿದೆ, ಬೆರಳು ಎಷ್ಟು ಒಳಗೆ ಹೋಯಿತು ಎಂದು ಸ್ನಾಯು ಮತ್ತು ಕೀಲುಗಳು ಲೆಕ್ಕ ಹಾಕಿ ಮೆತುವನ್ನು ಅಳೆಯುತ್ತವೆ ಎಂದು ಯಾರಾದರೂ ಊಹಿಸಬಹುದು. ಎಂಐಟಿಯ ಮಂಡಯಂ ಶ್ರೀನಿವಾಸನ್ ಮತ್ತು ಯೇಲ್‌ನ ರಾಬರ್ಟ್ ಲಮಾಟ್ 1995ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ರಬ್ಬರಿನಂತೆ ಮೇಲ್ಮೈಯೇ ತಗ್ಗುವ ವಸ್ತುವಾದರೆ ಚರ್ಮದ ಸುದ್ದಿಯೊಂದೇ ಸಾಕು. ಬೆರಳು ಸುಮ್ಮನಿದ್ದು ವಸ್ತುವನ್ನೇ ತಂದು ಒತ್ತಿದರೂ ಜನ ಹೆಚ್ಚು ಮೆತ್ತನೆಯದನ್ನು ಗುರುತಿಸುತ್ತಾರೆ. ಮೆತ್ತನೆಯ ವಸ್ತು ಬೆರಳ ತುದಿಯನ್ನು ತಬ್ಬಿಕೊಳ್ಳುತ್ತದೆ, ತಾಗುವ ಜಾಗ ಹರಡುತ್ತದೆ, ಒತ್ತಡ ಹಂಚಿಹೋಗುತ್ತದೆ; ಈ ಹರಡುವಿಕೆಯನ್ನೇ ಚರ್ಮ ಓದುತ್ತದೆ. ಆದರೆ ಗಟ್ಟಿ ಹಲಗೆಯ ಕೆಳಗೆ ಸ್ಪ್ರಿಂಗ್ ಇಟ್ಟು ಒತ್ತಿಸಿದರೆ ಚರ್ಮವೊಂದರಿಂದ ಆಗುವುದಿಲ್ಲ, ಸ್ನಾಯುವಿನ ಸಾಕ್ಷಿಯೂ ಬೇಕು. ಬದಲಿ ಹುಡುಕುವವರಿಗೆ ಇದರಿಂದ ನೇರವಾದ ಉಪಯೋಗವಿದೆ. ಒಳಗೆ ಎಷ್ಟೇ ಮೆತುವಾಗಿದ್ದರೂ ಮೇಲೆ ದಪ್ಪನೆಯ ಬಣ್ಣದ ಪೊರೆ ಅಥವಾ ಬಿರುಸು ಬಟ್ಟೆ ಇದ್ದರೆ ಆ ಆಟಿಕೆ ಅಂಗೈಗೆ ಬೇರೆಯದೇ ಆಗಿಬಿಡುತ್ತದೆ. ತುಂಬಿದ್ದು ಅದೇ ಹಿಟ್ಟಾದರೂ ತೆಳು ಬಲೂನಿಗೂ ದಪ್ಪ ಬಲೂನಿಗೂ ಇರುವ ಅಂತರ ಬರುವುದು ಇಲ್ಲಿಂದ.

ಯಾವ ಗುಣ ಮುಖ್ಯವೆಂದು ಕೇಳಿದರೆ ಬಳಸುವವರಿಗೇ ಹೇಳಲು ಬಾರದು. ಮಕ್ಕಳಿಗಂತೂ ಬಾರದು. ಆದರೆ ಕೈ ತಾನಾಗಿಯೇ ಹೇಳುತ್ತದೆ. ಸೂಸನ್ ಲೆಡರ್‌ಮನ್ ಮತ್ತು ರಾಬರ್ಟಾ ಕ್ಲಾಟ್ಸ್‌ಕಿ 1987ರಲ್ಲಿ ಗುರುತಿಸಿದ ಪ್ರಕಾರ, ವಸ್ತುವಿನ ಒಂದೊಂದು ಗುಣವನ್ನು ತಿಳಿಯಲು ಕೈ ಒಂದೊಂದು ಬಗೆಯ ಚಲನೆಯನ್ನು ಬಳಸುತ್ತದೆ. ಮೈ ನಯವೋ ಒರಟೋ ತಿಳಿಯಲು ಬೆರಳು ಅತ್ತಿತ್ತ ಸವರುತ್ತದೆ. ಗಟ್ಟಿತನಕ್ಕೆ ಒತ್ತುತ್ತದೆ. ತಂಪು-ಬಿಸಿಗೆ ಸುಮ್ಮನೆ ತಾಗಿಸಿಕೊಂಡಿರುತ್ತದೆ. ತೂಕಕ್ಕೆ ಎತ್ತಿ ತೂಗುತ್ತದೆ. ಒಟ್ಟು ಗಾತ್ರಕ್ಕೆ ಮುಷ್ಟಿ ಕಟ್ಟುತ್ತದೆ, ಆಕಾರಕ್ಕೆ ಅಂಚಿನಗುಂಟ ಹರಿಯುತ್ತದೆ. ಹಳೆಯ ಆಟಿಕೆ ಇನ್ನೂ ಪೂರ್ತಿ ಹಾಳಾಗದಿರುವಾಗಲೇ, ಅದನ್ನು ಬಳಸುವವರ ಕೈಯನ್ನು ಅವರಿಗೆ ಗೊತ್ತಾಗದಂತೆ ಕೆಲವು ನಿಮಿಷ ಗಮನಿಸಿದರೆ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ. ಕೆಲವರು ಆಟಿಕೆಯನ್ನು ಹಿಸುಕುವುದೇ ಇಲ್ಲ, ಹೆಬ್ಬೆರಳಿನಿಂದ ಒಂದೇ ಜಾಗವನ್ನು ತೀಡುತ್ತಿರುತ್ತಾರೆ. ಅವರಿಗೆ ಬೇಕಾಗಿರುವುದು ಮೈಯ ನಯ. ಕೆಲವರು ಎಳೆದು ಎಳೆದು ಬಿಡುತ್ತಾರೆ. ಕೆಲವರು ಮುಷ್ಟಿ ಬಿಗಿದು ಹಾಗೇ ಹಿಡಿದಿರುತ್ತಾರೆ. ಇವರಿಗೆಲ್ಲ ಒಂದೇ ಬದಲಿ ತಂದುಕೊಟ್ಟರೆ ಹತ್ತರಲ್ಲಿ ಒಂಬತ್ತು ಮೂಲೆ ಸೇರುವುದು ಸಹಜ.

ಕುಗ್ಗುವುದು ಮತ್ತು ಮರಳುವುದು

ಹಿಸುಕುವವರ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಉಕ್ಕಿನ ಸ್ಪ್ರಿಂಗ್ ಬಿಟ್ಟ ತಕ್ಷಣ ಮರಳುತ್ತದೆ, ಜೇನುತುಪ್ಪ ಮರಳುವುದೇ ಇಲ್ಲ. ಹಿಸುಕುವ ಆಟಿಕೆಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ಅವುಗಳಲ್ಲಿ ಸ್ಥಿತಿಸ್ಥಾಪಕತೆಯೂ ಇದೆ, ಸ್ನಿಗ್ಧತೆಯೂ ಇದೆ. ಅಂಥ ವಸ್ತು ಘನದಂತೆ ನಡೆದುಕೊಳ್ಳುವುದೋ ದ್ರವದಂತೆಯೋ ಎಂಬುದು ಅದನ್ನು ಎಷ್ಟು ಹೊತ್ತು ಗಮನಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ವಸ್ತು ಸಡಿಲಗೊಳ್ಳಲು ಬೇಕಾದ ಕಾಲವನ್ನು ನೋಡುವ ಕಾಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಮಾರ್ಕುಸ್ ರೈನರ್ 1964ರಲ್ಲಿ ಡೆಬೊರಾ ಸಂಖ್ಯೆ ಎಂದು ಹೆಸರಿಟ್ಟ. ಬೈಬಲ್ಲಿನ ಡೆಬೊರಾ ದೇವರ ಮುಂದೆ ಬೆಟ್ಟಗಳೂ ಹರಿದವೆಂದು ಹಾಡಿದ್ದಾಳೆ. ದೇವರ ಕಾಲದ ಅಳತೆಯಲ್ಲಿ ಬಂಡೆಯೂ ದ್ರವವೇ ಎಂಬುದು ರೈನರ್ ಕಂಡ ಸ್ವಾರಸ್ಯ. ಅಂಗೈಯ ಕಾಲದ ಅಳತೆ ಒಂದೆರಡು ಸೆಕೆಂಡು. ಸೆಕೆಂಡಿಗೆ ಒಂದು ಸಲ ಹಿಸುಕುವ ಕೈಗೆ ಎಂಟು ಸೆಕೆಂಡಿಗೆ ಮರಳುವ ಆಟಿಕೆ ಕೊಟ್ಟರೆ ಅದು ಎರಡನೆಯ ಹಿಸುಕಿಗೇ ಚಪ್ಪಟೆಯಾಗಿ ಬಿದ್ದಿರುತ್ತದೆ. ನಿಧಾನವಾಗಿ ಹಿಸುಕಿ, ಬಿಟ್ಟು, ಅದು ಉಬ್ಬುವುದನ್ನು ಅನುಭವಿಸುವ ಕೈಗೆ ಚಿಮ್ಮುವ ರಬ್ಬರ್ ಚೆಂಡು ಕೊಟ್ಟರೆ ಕಿರಿಕಿರಿ. ಬಣ್ಣ, ಆಕಾರ, ಗಾತ್ರ ಎಲ್ಲ ತಪ್ಪಿದರೂ ಈ ಕಾಲವೊಂದು ಹೊಂದಿದರೆ ಬದಲಿ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು.

ನಿಧಾನವಾಗಿ ಉಬ್ಬುವ ಆಟಿಕೆಗಳು ಪಾಲಿಯುರೆಥೇನ್ ನೊರೆಯವು. ಪಾಲಿಯುರೆಥೇನನ್ನು ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ತಯಾರಿಸಿದ. ಅದರ ನಿಧಾನಗತಿಯ ನೊರೆ 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಮಾಡಿದ ಆಸನದ ಮೆತ್ತೆಯಿಂದ ಬಂದದ್ದು, ಇವತ್ತಿನ ಮೆಮೊರಿ ಫೋಮ್ ಹಾಸಿಗೆಯ ಮೂಲವೂ ಅದೇ. ಇಂಥ ನೊರೆ ಮೊದಲು ಸ್ವಲ್ಪ ಪ್ರತಿರೋಧಿಸುತ್ತದೆ, ಆಮೇಲೆ ಒಳಗಿನ ಗೂಡುಗಳ ಗೋಡೆಗಳು ಒಂದೊಂದಾಗಿ ಬಾಗಿ ಬೀಳುವಾಗ ಬಲ ಹೆಚ್ಚಿಸದೆಯೇ ಕುಗ್ಗುತ್ತಾ ಹೋಗುತ್ತದೆ, ಕೊನೆಗೆ ಗೂಡುಗಳೆಲ್ಲ ಮುಚ್ಚಿಕೊಂಡು ಗಟ್ಟಿಯಾಗುತ್ತದೆ. ಹಿಸುಕುವ ಸುಖ ಇರುವುದು ಆ ನಡುವಿನ ಸಮತಟ್ಟಿನಲ್ಲಿ. ಮರಳುವುದು ತಡವಾಗಲು ಕಾರಣ ಎರಡು. ಪಾಲಿಮರ್ ಸರಪಣಿಗಳು ಒಂದರ ಮೇಲೊಂದು ಜಾರಿ ಸ್ವಸ್ಥಾನಕ್ಕೆ ಬರಲು ಹೊತ್ತು ಬೇಕು. ಮೇಲಿನ ಪೊರೆಯ ಸಣ್ಣ ರಂಧ್ರಗಳಿಂದ ಗಾಳಿ ಒಳಸೇರಲೂ ಹೊತ್ತು ಬೇಕು. ಪೊರೆ ಒಂದು ಕಡೆ ಹರಿದರೆ ಆಟಿಕೆ ಥಟ್ಟನೆ ಉಬ್ಬತೊಡಗುವುದು ಎರಡನೆಯ ಕಾರಣದಿಂದ. ಸ್ವಲ್ಪ ಬೇಗ ಮರಳುವಂಥದ್ದು ಬೇಕಾದವರು ತಳದಲ್ಲಿ ಸೂಜಿಯಿಂದ ಒಂದೆರಡು ತೂತು ಹಾಕಿ ನೋಡಬಹುದು. ಉಲ್ಟಾ ಮಾಡಲು, ಎಂದರೆ ಬೇಗದ್ದನ್ನು ನಿಧಾನ ಮಾಡಲು, ಇಷ್ಟು ಸುಲಭದ ದಾರಿ ಇಲ್ಲ.

ಚಳ್ಳಕೆರೆ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ನಿಧಾನಗತಿಯ ನೊರೆ ಗಾಜಿನಂಥ ಬಿರುಸಿನಿಂದ ರಬ್ಬರಿನಂಥ ಮೆತುವಿಗೆ ತಿರುಗುವ ಹಂತ ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ; ಅದರ ನಿಧಾನಕ್ಕೆ ಅದೇ ಮೂಲ. ಉಷ್ಣತೆ ಏರಿದರೆ ಸರಪಣಿಗಳು ಚುರುಕಾಗಿ, ನೊರೆ ಮೆತ್ತಗಾಗಿ ಬೇಗ ಮರಳುತ್ತದೆ. ಇಳಿದರೆ ಬಿರುಸಾಗಿ ತಡಮಾಡುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಆರಿಸಿ ತಂದದ್ದು ಏಪ್ರಿಲ್ ಮಧ್ಯಾಹ್ನ ಬೇರೆ ಆಟಿಕೆಯಂತೆ ಅನಿಸಿದರೆ ಅದು ಭ್ರಮೆಯಲ್ಲ. ಆದ್ದರಿಂದ ಹೋಲಿಕೆ ಮಾಡುವಾಗ ಹಳತು ಹೊಸತು ಎರಡನ್ನೂ ಒಂದೇ ಕೋಣೆಯಲ್ಲಿ ಒಂದಿಷ್ಟು ಗಂಟೆ ಇಟ್ಟು ಆಮೇಲೆ ಹಿಸುಕಬೇಕು.

ನೊರೆಯ ಆಟಿಕೆ ಒಂದು ಬಗೆ. ಎರಡನೆಯ ಬಗೆ, ಕೈಗೆ ಅಂಟಿದಂತಿರುವ, ಎಳೆದರೆ ಉದ್ದವಾಗುವ ಪುಟ್ಟ ಬೊಂಬೆಗಳದ್ದು. ಇವು ಥರ್ಮೋಪ್ಲಾಸ್ಟಿಕ್ ರಬ್ಬರಿನವು: ರಬ್ಬರಿನ ಬಲೆಯೊಳಗೆ ಖನಿಜ ತೈಲವನ್ನು ಹೀರಿಸಿ ಮೆತ್ತಗೆ ಮಾಡಿರುತ್ತಾರೆ. ತೈಲ ಕಾಲಕ್ರಮೇಣ ಮೇಲೆ ಬರುತ್ತದೆ, ಧೂಳು ಅಂಟುತ್ತದೆ. ಕೆಂಪು ಧೂಳಿನ ಊರಿನಲ್ಲಿ ಇವು ಒಂದೇ ದಿನದಲ್ಲಿ ಕೊಳಕಾಗುವುದು ಬೇಸರವೇ, ಆದರೆ ಹಾಳಾದಂತಲ್ಲ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಚೂರು ಮೆಕ್ಕೆಜೋಳದ ಪಿಷ್ಟ ಸವರಿದರೆ ಹೊಸದರಂತಾಗುತ್ತವೆ. ಹಳತಕ್ಕೆ ಬದಲಿ ಬೇಕೆಂದು ಹೊರಟ ಎಷ್ಟೋ ಹುಡುಕಾಟ ಇಲ್ಲಿಗೇ ಮುಗಿಯಬಹುದು. ಮೂರನೆಯ ಬಗೆ, ತೆಳು ಚೀಲದೊಳಗೆ ಹಿಟ್ಟು, ಕಾಳು, ಅಂಟುಪಾಕ ಅಥವಾ ಜೆಲ್ ತುಂಬಿದ್ದು. ನಾಲ್ಕನೆಯದು ಚೀಲವೇ ಇಲ್ಲದ ನಾದುವ ವಸ್ತು. ಈ ಕೊನೆಯದರ ಇತಿಹಾಸದಲ್ಲಿ ಒಂದು ತಮಾಷೆ ಇದೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರಬ್ಬರಿಗೆ ಬದಲಿ ಹುಡುಕುವಾಗ ಸಿಲಿಕೋನ್ ಎಣ್ಣೆಗೆ ಬೋರಿಕ್ ಆಮ್ಲ ಬೆರೆಸಿ ಸಿಕ್ಕಿದ ಪುಟಿಯುವ ಪುಟ್ಟಿ ರಬ್ಬರಿನ ಬದಲಿಯಾಗಿ ಪೂರ್ತಿ ಸೋತು ಆಟಿಕೆಯಾಗಿ ಗೆದ್ದಿತು. ಮ್ಯಾಟೆಲ್ ಕಂಪನಿ 1976ರಲ್ಲಿ ಮಾರಿದ ಲೋಳೆಯಾಟಿಕೆಯ ಮೂಲವಸ್ತು ಗೋರಿಕಾಯಿಯ ಬೀಜದಿಂದ ತೆಗೆದ ಗೋಂದು. ಬಿಳಿಗಾರ ಅದನ್ನು ಹೆಪ್ಪುಗಟ್ಟಿಸುತ್ತದೆ.

ತಕ್ಕಡಿ, ಅಳತೆಪಟ್ಟಿ, ಗಡಿಯಾರ

ಮೆತುವನ್ನು ಅಳೆಯುವ ಉಪಕರಣಗಳು ಕಾರ್ಖಾನೆಯಲ್ಲಿವೆ. ಮನೆಯ ಹೋಲಿಕೆಗೆ ಅಡುಗೆಮನೆಯ ತಕ್ಕಡಿ, ಅಳತೆಪಟ್ಟಿ ಮತ್ತು ಫೋನಿನ ಗಡಿಯಾರ ಸಾಕು. ಹಳೆಯ ಆಟಿಕೆಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಎತ್ತರ ಅಳೆಯಬೇಕು. ಮೇಲೊಂದು ಚಪ್ಪಟೆ ತಟ್ಟೆ, ಅದರ ಮೇಲೆ ಗೊತ್ತಿರುವ ತೂಕ ಇಟ್ಟು, ಹತ್ತು ಸೆಕೆಂಡು ಬಿಟ್ಟು ಮತ್ತೆ ಅಳೆಯಬೇಕು. ನೊರೆಯದಾದರೆ ಕಾಲು ಕೆ.ಜಿ. ಬೇಳೆ ಪೊಟ್ಟಣ ಸಾಕು, ಹಿಟ್ಟಿನ ಚೆಂಡಿಗೆ ಒಂದು ಕೆ.ಜಿ. ಉಪ್ಪು ಬೇಕಾಗಬಹುದು. ತೂಕ ತೆಗೆದ ಮೇಲೆ ಮೊದಲಿನ ಎತ್ತರಕ್ಕೆ ಬರಲು ಎಷ್ಟು ಸೆಕೆಂಡು ಎಂದು ಎಣಿಸಬೇಕು. ಎಷ್ಟನೆಯ ಪಾಲು ಕುಗ್ಗಿತು, ಎಷ್ಟು ಹೊತ್ತಿಗೆ ಮರಳಿತು, ಒಟ್ಟು ತೂಕವೆಷ್ಟು ಎಂಬ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಚಳ್ಳಕೆರೆಯ ಅಂಗಡಿಯಲ್ಲಿ ನಿಂತು ಹೋಲಿಸಬಹುದು. ಆನ್‌ಲೈನ್ ವಿವರಣೆಯಲ್ಲಿ ಕೊನೆಯ ಪಕ್ಷ ತೂಕ ಮತ್ತು ಗಾತ್ರ ಕೊಟ್ಟಿರುತ್ತಾರೆ. ನೊರೆಯ ಆಟಿಕೆಗೆ ಅವೆರಡೇ ಬಹಳಷ್ಟು ಹೇಳುತ್ತವೆ. ತೆರೆದ ಗೂಡಿನ ನೊರೆಯ ಬಿಗಿ ಅದರ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ ತೋರಿಸಿದ್ದಾರೆ. ಅದೇ ಗಾತ್ರ, ಅದೇ ಬಗೆಯ ನೊರೆ, ಎರಡರಷ್ಟು ತೂಕವಾದರೆ ನಾಲ್ಕರಷ್ಟು ಬಿರುಸು ಎಂದು ಸ್ಥೂಲವಾಗಿ ಹೇಳಬಹುದು.

ಗಾತ್ರವೂ ಮೋಸ ಮಾಡುತ್ತದೆ. ಒಂದೇ ವಸ್ತುವಿನಿಂದ ಮಾಡಿದ ಎರಡು ಚೆಂಡುಗಳಲ್ಲಿ ಒಂದರ ಅಡ್ಡಳತೆ ಇನ್ನೊಂದರ ಎರಡರಷ್ಟಿದ್ದರೆ, ಅದನ್ನು ಅದೇ ಪ್ರಮಾಣಕ್ಕೆ ಚಪ್ಪಟೆ ಮಾಡಲು ನಾಲ್ಕು ಪಟ್ಟು ಬಲ ಬೇಕು. ಬದಲಿ ಸ್ವಲ್ಪ ಚಿಕ್ಕದಾದರೆ ಮೆತ್ತಗೂ, ದೊಡ್ಡದಾದರೆ ಬಿರುಸಾಗಿಯೂ ಅನಿಸುವುದು ಅದರಿಂದ. ಅದೇ ಬೊಂಬೆಯ ‘ಜಂಬೋ’ ರೂಪ ತಂದವರು ನಿರಾಶರಾಗುವುದಕ್ಕೆ ಇದೇ ಕಾರಣ. ಹಾಗೆಂದು ಸಂಖ್ಯೆಗಳು ಕರಾರುವಾಕ್ಕಾಗಿ ಕೂಡಬೇಕೆಂದೇನೂ ಇಲ್ಲ. ಕೈಯ ತಾರತಮ್ಯಕ್ಕೆ ಮಿತಿ ಇದೆ: ಬಿಗಿಯಲ್ಲಿ ಶೇಕಡಾ 20ರ ಆಸುಪಾಸಿನ ವ್ಯತ್ಯಾಸವಿಲ್ಲದಿದ್ದರೆ ಜನಕ್ಕೆ ಎರಡನ್ನು ಬೇರೆ ಮಾಡಿ ಹೇಳುವುದು ಕಷ್ಟ. ತೂಕದ ವಿಷಯದಲ್ಲಿ ಕೈ ಇದಕ್ಕಿಂತ ಬಹಳ ಚುರುಕು. ಎರಡು ಬದಲಿಗಳಲ್ಲಿ ಒಂದು ತೂಕದಲ್ಲಿ ಹತ್ತಿರ, ಇನ್ನೊಂದು ಬಿಗಿಯಲ್ಲಿ ತುಸು ಹತ್ತಿರ ಎಂದಾದರೆ ತೂಕದ್ದನ್ನು ಮೊದಲು ಕೈಗೆ ಕೊಟ್ಟು ನೋಡುವುದು ಒಳ್ಳೆಯದು.

ಊರಿನಲ್ಲೇ ಸಿಗುವುದು

ನನ್ನಿವಾಳದ ಸುತ್ತ ಸಿಗುವ ವಸ್ತುಗಳಿಂದ ನಿಧಾನವಾಗಿ ಉಬ್ಬುವ ಆಟಿಕೆಗೆ ಸಮನಾದದ್ದನ್ನು ಮಾಡಲಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ವ್ಯರ್ಥ ಶ್ರಮ ಉಳಿಯುತ್ತದೆ. ಉಳಿದ ಬಗೆಗಳಿಗೆ ಮಾತ್ರ ಸಾಮಗ್ರಿ ಧಾರಾಳ. ಶೇಂಗಾ, ರಾಗಿ, ಸಜ್ಜೆ, ನವಣೆ ಬೆಳೆಯುವ, ಕುರಿ ಸಾಕುವ, ಕಂಬಳಿ ನೇಯುವ ಸೀಮೆ ಇದು.

ಉಣ್ಣೆ ಇವುಗಳಲ್ಲಿ ಅತ್ಯುತ್ತಮ, ಮತ್ತು ಯಾರೂ ಯೋಚಿಸದ್ದು. ಉಣ್ಣೆಯ ಎಳೆ ಸಹಜವಾಗಿ ಸುರುಳಿ ಸುರುಳಿಯಾಗಿರುತ್ತದೆ. ಅದರ ಕೆರಾಟಿನ್ ಅಣುಗಳೂ ಒಳಗೆ ಸುರುಳಿಯಾಗಿರುತ್ತವೆ. ಒತ್ತಿದರೆ ಮಡಚಿ, ಬಿಟ್ಟರೆ ಬಿಚ್ಚಿಕೊಳ್ಳುವುದು ಅದರ ಸ್ವಭಾವ. ಹತ್ತಿಗೆ ಈ ಗುಣವಿಲ್ಲ. ಹತ್ತಿಯ ಉಂಡೆ ಒಂದು ವಾರದಲ್ಲಿ ಗಟ್ಟಿ ಕಟ್ಟುತ್ತದೆ. ಉಣ್ಣೆ ತನ್ನ ಒಣ ತೂಕದ ಸುಮಾರು ಶೇಕಡಾ 30ರಷ್ಟು ನೀರಾವಿಯನ್ನು ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ, ಬೆವರುವ ಅಂಗೈಗೆ ಇದು ದೊಡ್ಡ ಅನುಕೂಲ. ಎಳೆಯ ಮೈಮೇಲೆ ಮೀನಿನಂತೆ ಹುರುಪೆಗಳಿವೆ. ಬಿಸಿ ಸೋಪಿನ ನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಒತ್ತಾಗುತ್ತದೆ. ತೊಳೆದು ಹಿಂಜಿದ ಉಣ್ಣೆಯನ್ನು ಬಿಗಿಯಾಗಿ ಉಂಡೆ ಸುತ್ತಿ, ಬಿಸಿ ಸೋಪಿನ ನೀರಿನಲ್ಲಿ ಅದ್ದಿ, ಎರಡು ಅಂಗೈಗಳ ನಡುವೆ ಮೊದಲು ಹಗುರಾಗಿ ಆಮೇಲೆ ಒತ್ತಿ ಉರುಳಿಸುತ್ತಾ ಹೋದರೆ ಚೆಂಡಾಗುತ್ತದೆ. ದಖನಿ ಕುರಿಯ ಒರಟು ಎಳೆ ಮೆರಿನೋದಷ್ಟು ಬೇಗ ಕೂಡಿಕೊಳ್ಳುವುದಿಲ್ಲ, ಹೆಚ್ಚು ಹೊತ್ತು ಉಜ್ಜಬೇಕು. ಎಷ್ಟು ಉಜ್ಜಿದರೆ ಅಷ್ಟು ಬಿಗಿ. ಅಂಗಡಿಯ ಆಟಿಕೆಯಲ್ಲಿ ಇಲ್ಲದ ಸೌಲಭ್ಯ ಇದು, ಬಿಗಿಯನ್ನು ಕೈಗೆ ತಕ್ಕಂತೆ ನಿಲ್ಲಿಸಬಹುದು.

ಕಂಬಳಿ ಚುಚ್ಚುತ್ತದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಸುಮಾರು 30 ಮೈಕ್ರಾನಿಗಿಂತ ದಪ್ಪವಿರುವ ಎಳೆಯ ತುದಿ ಚರ್ಮಕ್ಕೆ ಒತ್ತಿದಾಗ ಬಾಗುವ ಮೊದಲೇ ನೋವಿನ ನರವನ್ನು ಕೆಣಕುತ್ತದೆ, ಅದೇ ಚುಚ್ಚು. ಆದರೆ ಈ ಚುಚ್ಚು ತಿಳಿಯುವುದು ರೋಮವಿರುವ ಚರ್ಮಕ್ಕೆ: ಕುತ್ತಿಗೆ, ಮುಂಗೈ, ಕೆನ್ನೆ. ಅಂಗೈ ಮತ್ತು ಬೆರಳಿನ ಒಳಭಾಗದ ದಪ್ಪ ಚರ್ಮಕ್ಕೆ ಅದು ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹಿಸುಕುವವರಿಗೆ ಒರಟು ಉಣ್ಣೆಯ ಚೆಂಡು ನಡೆಯುತ್ತದೆ, ಆಟಿಕೆಯನ್ನು ಕೆನ್ನೆಗೆ ಒತ್ತಿಕೊಳ್ಳುವ ಅಭ್ಯಾಸದವರಿಗೆ ನಡೆಯುವುದಿಲ್ಲ.

ಕಾಳಿನ ಚೀಲದ್ದು ಬೇರೆಯೇ ಭೌತವಿಜ್ಞಾನ. ಬಿಗಿಯಾಗಿ ನೇಯ್ದ ಬಟ್ಟೆಯ ಪುಟ್ಟ ಚೀಲದಲ್ಲಿ ನವಣೆಯನ್ನು ಮುಕ್ಕಾಲು ತುಂಬಿ ಹೊಲಿದರೆ, ಮೆಲ್ಲಗೆ ಅಮುಕಿದಾಗ ಕಾಳು ದ್ರವದಂತೆ ಹರಿಯುತ್ತದೆ, ಬಿಗಿಯಾಗಿ ಹಿಡಿದಾಗ ಕಾಳಿಗೆ ಕಾಳು ಒತ್ತಿ ಕಲ್ಲಿನಂತೆ ನಿಲ್ಲುತ್ತದೆ. ಒತ್ತಾಗಿ ಕೂತ ಕಾಳುಗಳು ಒಂದರ ಪಕ್ಕ ಒಂದು ಸರಿಯಬೇಕಾದರೆ ಮೊದಲು ತುಸು ದೂರವಾಗಲೇಬೇಕು ಎಂಬುದನ್ನು ಆಸ್ಬೋರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದ, ಜಾಗವಿಲ್ಲದಿದ್ದರೆ ಸರಿಯಲಾರವು. ತುಂಬುವ ಪ್ರಮಾಣವೇ ಇಲ್ಲಿ ಮೆತುವಿನ ಕೀಲಿ. ಈ ಚೀಲ ತಾನಾಗಿ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಹಾಗಾಗಿ ಉಬ್ಬುವುದನ್ನು ಇಷ್ಟಪಡುವವರಿಗೆ ಹಿಡಿಸದು. ಬೆರಳುಗಳ ನಡುವೆ ಏನಾದರೂ ಜಾರುತ್ತಿರಬೇಕು, ಸಣ್ಣಗೆ ಸದ್ದಾಗಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸಜ್ಜೆ ಕಾಳು ದಪ್ಪ, ಇನ್ನಷ್ಟು ಉರುಟಾಗಿ ಅನಿಸುತ್ತದೆ. ಹುಳು ಹಿಡಿಯದಂತೆ ತುಂಬುವ ಮೊದಲು ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಬಿಸಿಲಿಗಂತೂ ಇಲ್ಲಿ ಬರವಿಲ್ಲ.

ಅಕ್ಕಿಹಿಟ್ಟು ಅಥವಾ ರಾಗಿಹಿಟ್ಟು ತುಂಬಿದ ಬಲೂನು ಎಲ್ಲರಿಗೂ ಗೊತ್ತಿರುವ ಉಪಾಯ. ಹಿಟ್ಟಿನ ಕಣ ಸಣ್ಣದಾದ್ದರಿಂದ ಒಂದಕ್ಕೊಂದು ಅಂಟಿಕೊಂಡು ಒತ್ತಿದ ಗುರುತು ಹಾಗೇ ಉಳಿಯುತ್ತದೆ. ಒಂದರ ಮೇಲೊಂದು ಎರಡು ಬಲೂನು ಹಾಕಿದರೆ ಬಾಳಿಕೆ ಹೆಚ್ಚು, ಮೆತು ಕಡಿಮೆ. ಬಲೂನಿನ ಸಹಜ ರಬ್ಬರಿಗೆ ಬಿಸಿಲು ಮತ್ತು ಎಣ್ಣೆ ಎರಡೂ ಶತ್ರು. ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ತಾಲ್ಲೂಕಿನಲ್ಲಿ ಮಿರ್ಚಿ-ಮಂಡಕ್ಕಿ ತಿಂದ ಕೈಯಲ್ಲಿ ಹಿಸುಕಿದ ಬಲೂನು ಬೇಗ ಸೀಳುವುದರಲ್ಲಿ ಆಶ್ಚರ್ಯವಿಲ್ಲ: ಎಣ್ಣೆ ರಬ್ಬರಿನ ಸರಪಣಿಗಳ ನಡುವೆ ನುಗ್ಗಿ ಅದನ್ನು ಊದಿಸಿ ಬಲ ಕಳೆಯುತ್ತದೆ.

ನಾದುವವರಿಗೆ ಮಣ್ಣು ಮತ್ತು ಹಿಟ್ಟು ಎರಡೂ ಇವೆ. ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿ ಹೆಚ್ಚು. ಅದರ ತೆಳು ಪದರಗಳ ನಡುವೆ ನೀರು ಸೇರಿಕೊಂಡು ಪದರಗಳು ಒಂದರ ಮೇಲೊಂದು ಜಾರುತ್ತವೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳ ಬೆರಳಿಗೆ ಈ ಗುಣ ಗೊತ್ತಿದೆ. ಮೈದಾ, ಉಪ್ಪು, ನೀರು, ಚೂರು ಎಣ್ಣೆ, ನಿಂಬೆರಸ ಸೇರಿಸಿ ಒಲೆಯ ಮೇಲೆ ಮಗುಚಿ ಮಾಡಿದ ಹಿಟ್ಟು ಹೆಚ್ಚು ನಯ. ಉಪ್ಪು ಬೂಸ್ಟನ್ನು ತಡೆಯುತ್ತದೆ. ಎರಡರ ತೊಂದರೆಯೂ ಒಂದೇ, ಒಣಗುವುದು. ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಕರಾವಳಿಯಲ್ಲಿ ವಾರಗಟ್ಟಲೆ ಹಸಿಯಾಗಿರುವ ಹಿಟ್ಟು ಇಲ್ಲಿಯ ಒಣಗಾಳಿಯಲ್ಲಿ ಬೇಗ ಬಿರಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ ಬೇಕೇ ಬೇಕು. ನೀರು ಆಧಾರಿತ ಲೋಳೆಗೂ ಇದೇ ಮಾತು.

ಒಣಗಾಳಿಯಿಂದ ಒಂದು ಲಾಭವೂ ಇದೆ. ಜೆಲ್ ತುಂಬಿದ ಆಟಿಕೆ ಇಷ್ಟಪಡುವವರಲ್ಲಿ ಹಲವರಿಗೆ ಬೇಕಾಗಿರುವುದು ಅದರ ತಂಪು. ಜೆಲ್ ಮತ್ತು ರಬ್ಬರ್ ಚರ್ಮದ ಶಾಖವನ್ನು ಬೇಗ ಹೀರುವುದರಿಂದ ತಂಪೆನಿಸುತ್ತವೆ, ಗಾಳಿಯೇ ತುಂಬಿರುವ ನೊರೆ ಹಾಗೆ ಮಾಡುವುದಿಲ್ಲ. ಆದರೆ ಅಂಗೈ ಚರ್ಮದ ಉಷ್ಣತೆ ಸುಮಾರು 32ರಿಂದ 34 ಡಿಗ್ರಿ. ಕೋಣೆ ಅದಕ್ಕಿಂತ ಬಿಸಿಯಾದ ದಿನ ಅದೇ ಜೆಲ್ ಬೆಚ್ಚಗೆನಿಸುತ್ತದೆ. ಆಗ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀರು ತುಂಬಿದ ಮಣ್ಣಿನ ಮಡಕೆಯ ಮೈಗೆ ಒರಗಿಸಿಟ್ಟರೆ ಸಾಕು. ಗಾಳಿ ಒಣಗಿದಷ್ಟೂ ಮಡಕೆಯಿಂದ ನೀರು ಆವಿಯಾಗುವುದು ಹೆಚ್ಚು, ತಂಪೂ ಹೆಚ್ಚು.

ಕೊಳ್ಳಬಾರದ್ದು

ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ನೊರೆಯ 12 ಹಿಸುಕುವ ಆಟಿಕೆಗಳನ್ನು ಪರೀಕ್ಷಿಸಿದಾಗ ಎಲ್ಲವೂ ಡೈಮೀಥೈಲ್ ಫಾರ್ಮಮೈಡ್, ಟಾಲೀನ್, ಸ್ಟೈರೀನ್‌ಗಳಂಥ ಹಾನಿಕಾರಕ ಆವಿಗಳನ್ನು ಬಿಡುತ್ತಿದ್ದವು. ಮಕ್ಕಳ ಕೋಣೆಯಿಂದ ಅವನ್ನು ತೆಗೆಯಲು ಸಂಸ್ಥೆ ಸೂಚಿಸಿತು. ಭಾರತದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯ ಅಂಗಡಿಯಲ್ಲಿ ಗುರುತು ಹುಡುಕುವುದು ಕಷ್ಟ, ಮೂಗಂತೂ ಜೊತೆಗಿರುತ್ತದೆ: ಪೊಟ್ಟಣ ತೆರೆದಾಗ ಬಣ್ಣದ ಡಬ್ಬಿಯ ವಾಸನೆ ಹೊಡೆದರೆ ಅದನ್ನು ಬಿಟ್ಟುಬಿಡುವುದು ಕ್ಷೇಮ. ಕಾಯಿ, ಹಣ್ಣು, ಕೇಕಿನಂತೆ ಕಾಣುವ, ಪರಿಮಳ ಹಾಕಿದ ಆಟಿಕೆಗಳು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿರುವ ಮನೆಗೆ ತಕ್ಕವಲ್ಲ. ನೀರು ಕುಡಿದು ಊದುವ ಬಣ್ಣದ ಮಣಿಗಳನ್ನು ತುಂಬಿದ ಚೆಂಡಂತೂ ಬೇಡವೇ ಬೇಡ. ಚೆಂಡು ಒಡೆದು ಒಂದು ಮಣಿ ನುಂಗಿದರೂ ಅದು ಕರುಳಿನಲ್ಲಿ ಊದಿ ಅಡ್ಡಗಟ್ಟಬಲ್ಲದು. ಹರಿದ ಬಲೂನಿನ ತುಂಡು ಎಂಟು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅಪಾಯ. ಬಿಳಿಗಾರ ಬಳಸಿ ಮನೆಯಲ್ಲಿ ಲೋಳೆ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಚರ್ಮಕ್ಕೂ ಹೊಟ್ಟೆಗೂ ಒಳ್ಳೆಯದಲ್ಲದ ಅದನ್ನು ಮಕ್ಕಳ ಕೈಗೆ ಕೊಡುವುದಕ್ಕಿಂತ ಉಪ್ಪಿನ ಹಿಟ್ಟು ಸಾಕು.

ಬದಲಿಯನ್ನು ಕೈ ಒಪ್ಪದಿದ್ದಾಗ

ಮೂರೂ ಸಂಖ್ಯೆ ಹೊಂದಿದ ಮೇಲೂ ಕೆಲವರು, ಅದರಲ್ಲೂ ಚಿಕ್ಕ ಮಕ್ಕಳು, ಬದಲಿಯನ್ನು ಆಚೆ ಎಸೆಯುತ್ತಾರೆ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ವಸ್ತುಗಳನ್ನು ನಕಲು ಮಾಡುವಂತೆ ತೋರುವ ಯಂತ್ರವೊಂದನ್ನು ತೋರಿಸಲಾಯಿತು. ಸಾಮಾನ್ಯ ಆಟಿಕೆಯಾದರೆ ಮಕ್ಕಳು ನಕಲನ್ನು ಸಂತೋಷದಿಂದ ಒಯ್ಯುತ್ತಿದ್ದರು. ಮಲಗುವಾಗ ತಬ್ಬಿಕೊಳ್ಳುವ ಸ್ವಂತ ವಸ್ತುವಾದರೆ ಹೆಚ್ಚಿನವರು ಮೂಲವೇ ಬೇಕೆಂದರು, ಕೆಲವರು ಯಂತ್ರದೊಳಗೆ ಇಡಲೂ ಒಪ್ಪಲಿಲ್ಲ. ಇಂಥ ವಸ್ತುಗಳ ಬಗ್ಗೆ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1950ರ ದಶಕದಲ್ಲೇ ಬರೆದಿದ್ದರು. ಹಿಸುಕುವ ಆಟಿಕೆ ಯಾರಿಗೆ ಬರೀ ಕೈಗೆಲಸ, ಯಾರಿಗೆ ಅಂಥ ಸಂಗಾತಿ ಎಂಬುದನ್ನು ತಿಳಿಯಲು ಸುಲಭದ ಗುರುತೊಂದಿದೆ: ಅದಕ್ಕೆ ಹೆಸರಿಟ್ಟಿದ್ದಾರೆಯೇ, ರಾತ್ರಿ ಅದನ್ನು ಹುಡುಕುತ್ತಾರೆಯೇ ಎಂದು ನೋಡುವುದು. ಸಂಗಾತಿಯಾಗಿದ್ದರೆ ಹೊಸದನ್ನು ಹಳೆಯದೆಂದು ನಂಬಿಸಲು ಹೋಗುವುದು ಕೆಟ್ಟ ಉಪಾಯ. ಅಂಗೈ ಕ್ಷಣದಲ್ಲಿ ಪತ್ತೆ ಹಚ್ಚುತ್ತದೆ. ಹೊಸದೆಂದೇ ಹೇಳಿ ಕೊಡುವುದು, ಹರಿದ ಹಳೆಯದನ್ನೂ ಬಟ್ಟೆ ಹೊಲಿದು ಇಟ್ಟುಕೊಳ್ಳಲು ಬಿಡುವುದು ವಾಸಿ. ಆಟಿಸಂ ಇರುವವರಲ್ಲಿ ಹಲವರಿಗೆ ಸ್ಪರ್ಶದ ಸಣ್ಣ ವ್ಯತ್ಯಾಸವೂ ದೊಡ್ಡದು. ಅವರಿಗೆ ಹಳೆಯದು ಪೂರ್ತಿ ಹಾಳಾಗುವ ಮೊದಲೇ ಬದಲಿಯನ್ನು ಪಕ್ಕದಲ್ಲಿಟ್ಟು, ದಿನಕ್ಕೆ ಸ್ವಲ್ಪ ಹೊತ್ತು ಬಳಸಲು ಬಿಟ್ಟು ಪರಿಚಯಿಸಬೇಕು.

ಆಟಿಕೆ ಗಮನವನ್ನು ಹೆಚ್ಚಿಸುತ್ತದೆ ಎಂಬ ಮಾರಾಟಗಾರರ ಮಾತನ್ನು ಆಯ್ಕೆಯ ಮಾನದಂಡ ಮಾಡಿಕೊಳ್ಳಬೇಕಿಲ್ಲ. ಬೆರಳ ಮೇಲೆ ತಿರುಗುವ ಸ್ಪಿನ್ನರ್ ಹಿಡಿದು ಪಾಠದ ವಿಡಿಯೊ ನೋಡಿದವರಿಗೆ ಪಾಠ ಕಡಿಮೆ ನೆನಪಿರುತ್ತದೆ ಎಂದು ಜೂಲಿಯಾ ಸೋರೆಸ್ ಮತ್ತು ಬೆಂಜಮಿನ್ ಸ್ಟಾರ್ಮ್ 2020ರಲ್ಲಿ ವರದಿ ಮಾಡಿದ್ದಾರೆ. ಸ್ಪಿನ್ನರ್ ಕಣ್ಣನ್ನು ಸೆಳೆಯುತ್ತದೆ, ಹಿಸುಕುವ ಆಟಿಕೆ ಅಷ್ಟಾಗಿ ಸೆಳೆಯುವುದಿಲ್ಲ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಲಾಗದು. ಆದರೂ ಶಾಲೆಗೆ ಒಯ್ಯುವ ಬದಲಿಯನ್ನು ಆರಿಸುವಾಗ ಸದ್ದಿಲ್ಲದ, ಮುಷ್ಟಿಯೊಳಗೆ ಪೂರ್ತಿ ಅಡಗುವ, ನೋಡದೆಯೇ ಬಳಸಬಹುದಾದದ್ದನ್ನು ಆರಿಸಲು ಅಷ್ಟು ಕಾರಣ ಸಾಕು. ಆ ಲೆಕ್ಕದಲ್ಲಿ ನವಣೆ ಚೀಲಕ್ಕಿಂತ ಉಣ್ಣೆಯ ಚೆಂಡು ಮೇಲು.

ಇಷ್ಟವಾದ ಆಟಿಕೆ ಸಿಕ್ಕಾಗಲೇ ಎರಡು ಕೊಂಡು ದಿನ ಬಿಟ್ಟು ದಿನ ಬಳಸಿದರೆ ಎರಡೂ ಒಂದೇ ಸಮನೆ ಸವೆಯುತ್ತವೆ, ಒಂದರ ಗುಣ ಇನ್ನೊಂದರಿಂದ ದೂರ ಹೋಗುವುದಿಲ್ಲ. ಮುಟ್ಟದೆ ಎತ್ತಿಟ್ಟ ಎರಡನೆಯದು ಮೊದಲನೆಯದು ಸವೆದು ಮೆತ್ತಗಾಗುವ ಹೊತ್ತಿಗೆ ಅಪರಿಚಿತವಾಗಿರುತ್ತದೆ, ಪೆಟ್ಟಿಗೆಯೊಳಗೇ ಹಳದಿಗಟ್ಟಿ ಪುಡಿಯಾಗಲೂಬಹುದು, ಏಕೆಂದರೆ ಪಾಲಿಯುರೆಥೇನ್ ನೊರೆ ಬಳಸದಿದ್ದರೂ ಗಾಳಿ, ಬೆಳಕು, ತೇವಕ್ಕೆ ಸಿಕ್ಕಿ ಕ್ಷಯಿಸುತ್ತದೆ. ಬೇರೆ ಬೇರೆ ಬಗೆಯವನ್ನು ಒಟ್ಟಿಗೆ ಇಡುವುದಾದರೆ ನಡುವೆ ಹತ್ತಿಬಟ್ಟೆ ಹಾಕಬೇಕು: ಥರ್ಮೋಪ್ಲಾಸ್ಟಿಕ್ ರಬ್ಬರಿನ ತೈಲ ಪಕ್ಕದ ಆಟಿಕೆಗೆ ಇಳಿದು ಅದರ ಬಣ್ಣವನ್ನು ಕರಗಿಸುತ್ತದೆ, ಬಲೂನಾದರೆ ಸೀಳುತ್ತದೆ.